ಸೀಮಂತದ ಕಷಾಯ ಕುಡಿದವರು

"ಲಿವರ್ ಬದಲಾಯ್ಸ್ಕೊಂಡೋಳಿಗೆ ಮಗುವಾ? ಆಗದ ಮಾತು ಕಣೇ!"

ಹೀಗೆಂದು ತೀರ್ಪು ಕೊಟ್ಟವರು ಗಂಡಸಿ ಊರಿನ ಗಂಗಮ್ಮ. ನಮ್ಮ ಅತ್ತೆಯ ಅಕ್ಕ. ಇಪ್ಪತ್ತು ಹೆರಿಗೆ ನೋಡಿದ ಅನುಭವಸ್ಥೆ. (ಅದರಲ್ಲಿ ಲಿವರ್ ಕಸಿ ಆದವರು ಎಷ್ಟು ಮಂದಿ ಇದ್ದರೋ!) ನಿಮ್ಮ ಮನೆಯಲ್ಲೂ ಇಂಥ ಒಬ್ಬರು ದೊಡ್ಡಮ್ಮ ಇದ್ದಾರೆ ತಾನೇ?

ನಾನು ಸುಮ್ಮನೆ ಕೂರುವ ಪೈಕಿಯಲ್ಲ. ನಮ್ಮ ವಂಶದಲ್ಲೇ ಮೊದಲ ಬಿ.ಎ. ಕಣ್ಣು ಹಳದಿಯಾಗಿದ್ದಾಗಲೇ ಫೈನಲ್ ಪರೀಕ್ಷೆ ಬರೆದು ಪಾಸಾದವಳು. ಡಾಕ್ಟರನ್ನೇ ನೇರವಾಗಿ ಕೇಳಿದೆ.

"ಆಗುತ್ತಮ್ಮ. ಆದ್ರೆ ನಮ್ಮನ್ನ ಕೇಳ್ದೆ ಆಗ್ಬಾರ್ದು" ಎಂದರು. (ಪಕ್ಕದಲ್ಲಿದ್ದ ಯಜಮಾನರು ಫ್ಯಾನ್ ನೋಡತೊಡಗಿದರು.)

ಕಸಿಯಾದ ಮೇಲೆ ಮೂರು ವರ್ಷ ಕಾದೆವು. ಮಗುವಿಗೆ ತೊಂದರೆ ಮಾಡಬಹುದಾದ ಒಂದು ಮಾತ್ರೆಯನ್ನು ಮೊದಲೇ ಬದಲಾಯಿಸಿದರು. ಉಳಿದವು ಬೆಳಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ, ತಪ್ಪುವಂತಿಲ್ಲ. ಕೇಳದೆ ನಾಟಿ ಔಷಧಿ ಒಂದು ತೊಟ್ಟೂ ಕೂಡದು. ಎಡವಟ್ಟಾದರೆ ಲಿವರೂ ಹೋದೀತು, ಮಗುವೂ ಹೋದೀತು.

ಏಳನೇ ತಿಂಗಳು ಜಾವಗಲ್ಲಿನ ಮನೆಯಲ್ಲಿ ಸೀಮಂತ. ಹಸಿರು ಬಳೆ, ಮಡಿಲಕ್ಕಿ, ಚಿತ್ರಾನ್ನ. ಅಷ್ಟರಲ್ಲಿ ಗಂಗಮ್ಮ ಬಂದರು. ಕೈಯಲ್ಲಿ ಹಿತ್ತಾಳೆ ಚೊಂಬು.

"ಬೇರು ಕಾಯ್ಸಿದ ಕಷಾಯ. ಹೆರಿಗೆ ಸಲೀಸಾಗ್ತೈತೆ. ಕುಡಿ."

ಮಣೆಯ ಮೇಲೆ ಕೂತವಳು ಹಿರಿಯ ಮುತ್ತೈದೆ ಕೊಟ್ಟದ್ದನ್ನು ಬೇಡ ಎನ್ನಬಾರದಂತೆ. ಮನೆತುಂಬ ನೆಂಟರು. ಎಲ್ಲರ ಕಣ್ಣೂ ನನ್ನ ಮೇಲೆ.

"ಡಾಕ್ಟರು ಬೇಡ ಅಂದವ್ರೆ, ದೊಡ್ಡಮ್ಮ."

"ಏನು, ನಿನ್ ಡಾಕ್ಟರು ಎಷ್ಟು ಹೆತ್ತವ್ನೇ?"

ಎಲ್ಲರೂ ನಕ್ಕರು. ಆಗ ನಮ್ಮ ಅತ್ತೆ ಎದ್ದರು. ಚೊಂಬು ಕಸಿದುಕೊಂಡು, ತಲೆ ಮೇಲೆತ್ತಿ ಗಟಗಟನೆ ಪೂರ್ತಿ ಕುಡಿದೇಬಿಟ್ಟರು!

"ಅಯ್ಯಯ್ಯೋ, ಏನ್ ಮಾಡ್ದೆ!"

"ಅವಳ ಬದ್ಲು ನಾನ್ ಕುಡ್ದೆ ಕಣಕ್ಕ. ಶಾಸ್ತ್ರ ಆಯ್ತಲ್ಲ? ಏಳ್ರವ್ವ, ಆರತಿ ಮಾಡನ."

ಆ ಸಂಜೆಯಿಡೀ ಅತ್ತೆ ಹಿತ್ತಲಿಗೂ ಮನೆಗೂ ಓಡಾಡಿದ್ದು ಬೇರೆ ಮಾತು. ಅಕ್ಕನ ಮರ್ಯಾದೆಯನ್ನೂ ಉಳಿಸಿ, ಸೊಸೆಯನ್ನೂ ಉಳಿಸುವ ಇಂಥ ಬುದ್ಧಿಯನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ ಹೇಳಿ?

ದಿನ ತುಂಬಲು ಮೂರು ವಾರ ಇರುವಾಗ ಬೆಂಗಳೂರಿನ ಆಸ್ಪತ್ರೆಯಲ್ಲಿ ಸಿಸೇರಿಯನ್ ಆಯಿತು. ಹೆಣ್ಣುಮಗು. ತೂಕ ಎರಡೂಕಾಲು ಕೆ.ಜಿ., ಗಂಟಲು ವಾರ್ಡಿಗೆಲ್ಲ ಕೇಳುವಷ್ಟು. ಮಾರನೇ ದಿನ ನನ್ನ ರಕ್ತಪರೀಕ್ಷೆಯ ರಿಪೋರ್ಟ್ ಬಂತು. ಲಿವರ್ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ನಾನು ಅತ್ತಿದ್ದು ಆಗಲೇ.

ಡಿಸ್ಚಾರ್ಜ್ ದಿನ ಕೌಂಟರಿನಾಕೆ ಜನನ ಪ್ರಮಾಣಪತ್ರ ಚಾಚಿದರು. ಕೈನೀಡಿ ತೆಗೆದುಕೊಂಡವಳು ನನ್ನ ಅವ್ವ. ಹೊಟ್ಟೆ ಕೊಯ್ಸಿಕೊಂಡು ತನ್ನ ಲಿವರಿನ ಅರ್ಧವನ್ನು ನನಗೆ ಕೊಟ್ಟವಳು. ಅವಳಿಗೆ ಓದು ಬಾರದು. ನಾನೇ ಓದಿ ಹೇಳಿದೆ: ಹುಟ್ಟಿದ ದಿನ, ತಂದೆಯ ಹೆಸರು, ತಾಯಿಯ ಹೆಸರು.

ಅವ್ವ ಹಾಳೆ ತಿರುಗಿಸಿ ಹಿಂದುಗಡೆಯೂ ನೋಡಿದಳು.

"ಅಷ್ಟೇನಾ? ಅರ್ಧ ನಾನೂ ಹೆತ್ತಿವ್ನಲ್ಲೇ, ನನ್ ಹೆಸರೆಲ್ಲಿ?"