ಕೊಂಡ್ಲಹಳ್ಳಿಯ ಇನ್ನೊಬ್ಬ ದೊಡ್ಡಪಾಲಯ್ಯ

ಮಾರುತೇಶನ ಬಾಯಲ್ಲಿ ‘ಆಗಲ್ಲ’ ಎಂಬ ಮಾತು ಹೊರಡುತ್ತಿರಲಿಲ್ಲ. ಅದು ಒಳ್ಳೆಯತನವೋ ಪುಕ್ಕಲುತನವೋ, ಅವನನ್ನು ಹೆತ್ತವಳಿಗೂ ಗೊತ್ತಾಗಿರಲಿಲ್ಲ. ಚಳ್ಳಕೆರೆಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು, ಮೊಳಕಾಲ್ಮೂರಿನಲ್ಲಿ ರೇಷನ್ ಕಾರ್ಡು ಮಾಡಿಕೊಡುವ ಗುತ್ತಿಗೆ ಕೇಂದ್ರಕ್ಕೆ ಸೇರಿದ್ದ. ಎರಡು ಸಾವಿರದ ಐದನೇ ಇಸವಿಯ ಮಾತು. ಕಿಟಕಿಯಾಚೆ ಯಾರೇ ಬಂದು ನಿಲ್ಲಲಿ, ‘ಮುಂದಿನ ಸೋಮವಾರ ಬರ್ರಿ, ನೋಡೋಣ’ ಅನ್ನುತ್ತಿದ್ದ. ಗಡಿಯಾಚೆಯ ಮಾತಿನವರು ಬಂದರೆ ಅದನ್ನೇ ತೆಲುಗಿನಲ್ಲಿ ಅನ್ನುತ್ತಿದ್ದ.

ಒಂದು ದಿನ ಮೇಲಿನಿಂದ ಆದೇಶ ಬಂತು. ಒಂದೇ ಊರು, ಒಂದೇ ಹೆಸರು, ತಂದೆಯದೂ ಒಂದೇ ಹೆಸರು ಇದ್ದರೆ ಅದು ಬೋಗಸ್ ಕಾರ್ಡು. ಒಂದನ್ನು ಉಳಿಸಿ ಮಿಕ್ಕಿದ್ದನ್ನು ತೆಗೆಯಿರಿ. ಆದೇಶ ಬರೆದ ಪುಣ್ಯಾತ್ಮ ಈ ಕಡೆಯ ಮಣ್ಣು ತುಳಿದವನಲ್ಲ. ಇಲ್ಲಿ ತಾತನ ಹೆಸರು ಮೊಮ್ಮಗನಿಗೆ, ದೇವರ ಹೆಸರು ಎಲ್ಲರಿಗೆ. ಒಂದೇ ಕೇರಿಯಲ್ಲಿ ನಾಲ್ವರು ಪಾಲಯ್ಯಂದಿರು. ಮೂಲೆಮನೆ ಪಾಲಯ್ಯ, ಗಡ್ಡದ ಪಾಲಯ್ಯ ಎಂದು ಜನ ಸಲೀಸಾಗಿ ಗುರುತು ಹಿಡಿಯುತ್ತಾರೆ. ಕಂಪ್ಯೂಟರಿನಲ್ಲಿ ಗಡ್ಡ ಬರೆಯಲು ಜಾಗವಿರಲಿಲ್ಲ.

ಇದನ್ನು ಮಾರುತೇಶ ಕೇಂದ್ರದ ಮಾಲೀಕ ಹನುಮಂತರಾಜುವಿಗೆ ಹೇಳಲು ಹೋದ, ಅರ್ಧ ಹೇಳಿದ. ‘ಮೇಲಿನೋರು ಹೇಳಿದ್ಮೇಲೆ ನಿಂದೇನಲೇ? ಒತ್ತು’ ಅಂದ ಹನುಮಂತರಾಜು. ಒತ್ತಿದ. ನಲವತ್ತೊಂದು ಮನೆಗಳ ಹೆಸರು ಕಣ್ಣು ಮಿಟುಕಿಸುವಷ್ಟರಲ್ಲಿ ಹೋದವು.

ಮೊದಲು ಬಂದವನು ಕೊಂಡ್ಲಹಳ್ಳಿಯ ದೊಡ್ಡಪಾಲಯ್ಯ. ಎಪ್ಪತ್ತರ ಮುದುಕ. ಅಂಗಡಿಯಲ್ಲಿ ಅಕ್ಕಿ ಕೊಡುತ್ತಿಲ್ಲ, ಪಟ್ಟಿಯಲ್ಲಿ ನೀನಿಲ್ಲ ಅನ್ನುತ್ತಾರೆ ಎಂದ. ಮಾರುತೇಶ ಗಾಬರಿಯಾಗಿ, ಕೇಂದ್ರದ ಕಂಪ್ಯೂಟರ್ ನೋಡಿಕೊಳ್ಳುವ ಚಿತ್ರದುರ್ಗದ ಎಂಜಿನಿಯರಿಗೆ ಫೋನ್ ಮಾಡಿದ.

‘ಹೆದರ್ಬೇಡ’ ಅಂದರು ಅವರು. ‘ಹಾಕಿದ್ದು, ತೆಗ್ದಿದ್ದು ಎಲ್ಲಾ ಲಾಗ್ ಫೈಲಿನಾಗೆ ಇರ್ತೈತೆ. ನಾನು ಬಂದು ಹಳೇ ನಂಬರ್ ಸಮೇತ ವಾಪಸ್ ತರ್ತೀನಿ. ಅದೊಂದನ್ನ ಮಾತ್ರ ಮುಟ್ಬೇಡ.’

ಮಾರುತೇಶನಿಗೆ ಹೋದ ಜೀವ ಬಂತು. ಹೆಸರುಗಳು ಸತ್ತಿಲ್ಲ, ಎಲ್ಲೋ ಒಳಗೆ ಇವೆ. ದೊಡ್ಡಪಾಲಯ್ಯನಿಗೆ ‘ಮುಂದಿನ ಸೋಮವಾರ’ ಅಂದ. ಹಾಗೆ ನಾಲ್ಕು ಸೋಮವಾರ ಕಳೆದವು. ಎಂಜಿನಿಯರ್ ಬರಲಿಲ್ಲ.

ಐದನೆಯ ವಾರ ಕಂಪ್ಯೂಟರ್ ಮುಷ್ಕರ ಹೂಡಿತು. ಡಿಸ್ಕಿನಲ್ಲಿ ಜಾಗವಿಲ್ಲ. ನೋಡಿದರೆ ಮುಕ್ಕಾಲು ಪಾಲು ನುಂಗಿ ಕೂತಿದ್ದು ಅದೇ ಲಾಗ್ ಫೈಲು. ಹೊರಗೆ ಇನ್ನೂರು ಜನ ಕೂಲಿ ಬಿಟ್ಟು ಬಂದು ಬಿಸಿಲಿಗೆ ನಿಂತಿದ್ದರು. ಒಂದು ಕಾರ್ಡೂ ಹೊರಗೆ ಬರುತ್ತಿರಲಿಲ್ಲ.

‘ಅಳಿಸ್ಲೇ ಅದನ್ನ’ ಅಂದ ಹನುಮಂತರಾಜು.

‘ಸಾರ್, ಎಂಜಿನಿಯರ್ ಬರೋತನ್ಕ...’

‘ಅಲ್ಲೀತನ್ಕ ಹೊರಗಿರೋರಿಗೆ ನೀನು ಉತ್ರ ಹೇಳ್ತೀಯಾ?’

ಮಾರುತೇಶ ದುರ್ಗಕ್ಕೆ ಮೂರು ಸಲ ಫೋನ್ ಮಾಡಿದ. ಯಾರೂ ಎತ್ತಲಿಲ್ಲ. ಫೈಲನ್ನು ಬೇರೆ ಕಡೆ ಇಡೋಣವೆಂದರೆ ಅಲ್ಲಿದ್ದದ್ದು ಫ್ಲಾಪಿಗಳು. ಸಾವಿರ ಫ್ಲಾಪಿ ತಂದರೂ ಸಾಲದು. ಕೊನೆಗೆ ಡೇಟಾಬೇಸ್ ನೋಡಿಕೊಳ್ಳುವ ತಂತ್ರಾಂಶ ತೆರೆದ. ನಿಜವಾಗಿಯೂ ಅಳಿಸಬೇಕೇ ಎಂದು ಅದು ಕೇಳಿತು. ಆ ದಿನ ಅವನನ್ನು ಒಂದು ಮಾತು ಕೇಳಿದ್ದು ಅದೊಂದೇ. ಹೌದು ಎಂದು ಒತ್ತಿದ. ಪ್ರಿಂಟರ್ ಕರಕರ ಶುರುಮಾಡಿತು, ಹೊರಗಿನ ಸಾಲು ಮುಂದಕ್ಕೆ ಸರಿಯಿತು.

ಎರಡು ದಿನಕ್ಕೆ ಎಂಜಿನಿಯರ್ ಬಂದರು. ನೋಡಿ ತಲೆಯಾಡಿಸಿದರು. ‘ಇನ್ನು ವಾಪಸ್ ಬರಲ್ಲ. ಹೊಸದಾಗಿ ಬರ್ಕೊ. ಆದ್ರೆ ಅದೇ ಹೆಸ್ರು ಹಾಕಿದ್ರೆ ಇದು ತಗಳಲ್ಲ. ಡಬಲ್ ಅಂತೈತೆ.’

ಸೋಮವಾರ ದೊಡ್ಡಪಾಲಯ್ಯ ಒಬ್ಬನೇ ಬರಲಿಲ್ಲ. ಹೆಂಡತಿ ನಿಂಗಕ್ಕ ಜೊತೆಗಿದ್ದಳು. ಪಕ್ಕದ ಮನೆಯ ದೊಡ್ಡಪಾಲಯ್ಯನನ್ನೂ, ಅಂದರೆ ಪಟ್ಟಿಯಲ್ಲಿ ಉಳಿದವನನ್ನೂ, ಕರೆದುಕೊಂಡು ಬಂದಿದ್ದ. ಇಬ್ಬರು ಮುದುಕರೂ ಕಿಟಕಿಯ ಕಂಬಿ ಹಿಡಿದು ನಿಂತರು.

‘ನೋಡಪ್ಪ, ಸರಿಯಾಗಿ ನೋಡು. ಇವ್ನು ಇವ್ನು, ನಾನು ನಾನು. ಇಬ್ರು ಅದೀವಿ.’

ಇಬ್ಬರಿದ್ದರು. ಮಾರುತೇಶನಿಗೆ ಚೆನ್ನಾಗಿ ಕಾಣುತ್ತಿತ್ತು. ಈ ಸಲ ‘ಮುಂದಿನ ಸೋಮವಾರ’ ಅನ್ನಲು ನಾಲಗೆ ಏಳಲಿಲ್ಲ. ತಡವರಿಸುತ್ತ ಎಲ್ಲವನ್ನೂ ಹೇಳಿದ. ‘ಬೇರೆ ಹೆಸ್ರು ಕೊಟ್ರೆ ಮಾತ್ರ ಆಗ್ತೈತೆ, ತಾತ.’

ಹೆಸರು ಹೋದ ಮುದುಕ ಬೈಯಲಿಲ್ಲ. ಬೈದಿದ್ದರೆ ಮಾರುತೇಶನಿಗೆ ಹಗುರವಾಗುತ್ತಿತ್ತು.

‘ನಮ್ಮಪ್ಪ ಇಟ್ಟಿದ್ದು ಒಂದೇ ಹೆಸ್ರು’ ಅಂದ. ‘ಅದು ನಿನ್ ಕೈಯಾಗೆ ಹೋತು. ಇನ್ನೊಂದನ್ನ ನೀನೇ ಇಡು.’

ಇಪ್ಪತ್ಮೂರರ ಹುಡುಗ ಎಪ್ಪತ್ತರ ಮುದುಕನಿಗೆ ಹೆಸರಿಡಬೇಕು. ಹೊಳೆದದ್ದನ್ನು ಒತ್ತಿದ: ಚಿಕ್ಕೀರಪ್ಪ. ಕಂಪ್ಯೂಟರ್ ಚಕಾರವೆತ್ತದೆ ಒಪ್ಪಿಕೊಂಡಿತು. ಆ ತಿಂಗಳು ಹೀಗೆ ಹತ್ತೊಂಬತ್ತು ಜನಕ್ಕೆ ಹೆಸರಿಟ್ಟ. ಮಿಕ್ಕವರು ಬರಲೇ ಇಲ್ಲ.

ಹದಿನೈದು ದಿನದ ಮೇಲೆ ಕಾರ್ಡು ಒಯ್ಯಲು ನಿಂಗಕ್ಕ ಒಬ್ಬಳೇ ಬಂದಳು. ಕಾರ್ಡು ಕೊಡುವ ಮುಂಚೆ ಮನೆಯ ಯಜಮಾನನ ಹೆಸರು ಕೇಳಿ ಬರೆದುಕೊಳ್ಳಬೇಕು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಹೆಂಗಸು ಆ ಸಾಲಿನಲ್ಲಿ ಒಬ್ಬಳೂ ಇರುತ್ತಿರಲಿಲ್ಲ. ಸೆರಗು ಬಾಯಿಗೆ ಹಿಡಿದು ಹಿಂದೆ ನಿಂತವರ ಕಡೆ ನೋಡುತ್ತಿದ್ದರು, ಅವರು ಹೇಳುತ್ತಿದ್ದರು. ಮಾರುತೇಶ ಅಭ್ಯಾಸಬಲದಿಂದ ಅವಳ ಹಿಂದೆ ನಿಂತಿದ್ದವಳನ್ನೇ ಕೇಳಿದ, ‘ಈಯಮ್ಮನ ಯಜಮಾನ್ರ ಹೆಸರೇನವ್ವ?’

‘ಅವ್ಳನ್ಯಾಕೆ ಕೇಳ್ತೀಯಪ್ಪ?’ ಅಂದಳು ನಿಂಗಕ್ಕ. ಸೆರಗಿಗೆ ಕೈ ಹೋಗಲಿಲ್ಲ, ದನಿಯೂ ತಗ್ಗಲಿಲ್ಲ. ‘ಚಿಕ್ಕೀರಪ್ಪ ಅಂತ ಬರ್ಕ. ಅದೇನು ನಮ್ಮನೆಯೋರ ಹೆಸ್ರಲ್ಲವಲ್ಲ, ನಾನೇ ಹೇಳ್ಬೋದು.’

ಮಾರುತೇಶ ಬರೆದುಕೊಂಡು, ತಲೆ ಎತ್ತದೆ ಕಾರ್ಡನ್ನು ಕಂಬಿಯಾಚೆಗೆ ಚಾಚಿದ.