ಆರನೇ ಚಾನೆಲ್‌ನ ವಿಭೂತಿ ಗೆರೆ

ಮೊದಲೇ ಹೇಳಿಬಿಡುತ್ತೇನೆ. ಈ ವಾರ ಬರೆಯುತ್ತಿರುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಅತ್ತೆ ಅಂದು ಹಸಿರು ಸೀರೆ ಉಟ್ಟಿದ್ದಳು ಎಂದು ನನ್ನ ಡೈರಿಯಲ್ಲಿದೆ. ಅದು ನೀಲಿ ಎನ್ನುತ್ತಾಳೆ ಅತ್ತೆ. ಸಭಾಂಗಣದಲ್ಲಿ ಮುನ್ನೂರು ಜನ ಎಂದು ನಾನು ಬರೆದುಕೊಂಡಿದ್ದೇನೆ. 'ಕುರ್ಚಿನ ನೂರಾ ಇಪ್ಪತ್ತು ಇದ್ವು, ಉಳಿದೋರು ನಿನ್ನ ತೊಡಿ ಮ್ಯಾಲೆ ಕುಂತಿದ್ರೇನು?' ಎನ್ನುತ್ತಾನೆ ಮಾವ. ಘಟನೆ ನಡೆದು ಇನ್ನೂ ಮೂರು ವಾರ! (ಡೈರಿ ಸುಳ್ಳು ಹೇಳುತ್ತದೆಯೇ ಎಂದು ಕೇಳಬೇಡಿ. ಡೈರಿ ಬರೆದವಳೂ ನಾನೇ ತಾನೆ?)

ಒಂದು ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ಹಡಗಲಿಯ ಕಲ್ಯಾಣ ಮಂಟಪದಲ್ಲಿ, ಹೊಚ್ಚ ಹೊಸ ಎಂಟು ಚಾನೆಲ್‌ನ ಆಡಿಯೋ ಮಿಕ್ಸರಿನ ಮುಂದೆ ಕೂತು, ಕೊಟ್ಟೂರಿನ ಮಹಿಳಾ ಭಜನಾ ಮಂಡಳಿಯನ್ನು ನಾನೊಬ್ಬಳೇ ಕೊನೆಯ ಸ್ಥಾನಕ್ಕೆ ತಳ್ಳಿದೆ.

ಮಾವ ಎಂದರೆ ಅಮ್ಮನ ತಮ್ಮ, ಕೊಟ್ರೇಶ. ಕೊಟ್ಟೂರಿನಲ್ಲಿ ಸೌಂಡ್ ಸರ್ವಿಸ್ ಅಂಗಡಿ. ಇಷ್ಟು ವರ್ಷ ಒಂದು ಆಂಪ್ಲಿಫೈಯರ್, ಎರಡು ಮೈಕು, ನಾಲ್ಕು ಹಾರ್ನ್ ಸ್ಪೀಕರ್‌ಗಳಲ್ಲೇ ಸುತ್ತಲಿನ ಮದುವೆ, ಮುಂಜಿ, ಭಾಷಣಗಳನ್ನೆಲ್ಲ ಮುಗಿಸಿದವನು. ಈ ವರ್ಷ ಮಿಕ್ಸರ್ ತಂದ. ಪೆಟ್ಟಿಗೆ ಬಿಚ್ಚಿದ ದಿನವೇ ನನಗೆ ಫೋನ್.

"ಲೇ ಡೈರಿ, ಲಗೂನ ಬಾ. ಇದರ ಪುಸ್ತಕ ಇಂಗ್ಲಿಷ್‌ನ್ಯಾಗ ಐತಿ."

ನಾನು ಓದಿದ್ದು ಇತಿಹಾಸ. ಹರಪನಹಳ್ಳಿಯಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಆದರೆ ನಮ್ಮ ಬಳಗದಲ್ಲಿ ಯೂನಿವರ್ಸಿಟಿ ಮೆಟ್ಟಿಲು ಹತ್ತಿದವರಿಗೆ ಫ್ರಿಜ್ಜಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲವೂ ಗೊತ್ತಿರಲೇಬೇಕು. ಹೋದೆ. ಪುಸ್ತಕದ ಹನ್ನೆರಡು ಪುಟ ಗಟ್ಟಿಯಾಗಿ ಓದಿದೆ. ಓದಿದ ನನಗೆ ಏನೂ ಅರ್ಥವಾಗಲಿಲ್ಲ, ಕೇಳಿದ ಮಾವನಿಗೆ ಎಲ್ಲ ಅರ್ಥವಾಯಿತು!

"ನೋಡಿಲ್ಲಿ," ಎಂದು ನನಗೇ ಪಾಠ ಶುರುಮಾಡಿದ. "ಒಂದು ಮೈಕಿಗೆ ಒಂದು ಸಾಲು, ಅದಕ್ಕ ಚಾನೆಲ್ ಅಂತಾರ. ಮ್ಯಾಲಿನ ಗುಂಡಿ ಗೇನ್. ಅದು ಊರ ಟ್ಯಾಂಕಿನ ವಾಲ್ವ್ ಇದ್ದಂಗ. ಕೆಳಗ ಮ್ಯಾಲೆ-ಕೆಳಗ ಜಾರತೈತಲ್ಲ, ಇದು ಫೇಡರ್. ಇದು ಮನಿ ನಳ. ಅಲ್ಲಿ ವಾಲ್ವ್ ಬಿಡದ ಇಲ್ಲಿ ನಳ ಎಷ್ಟ್ ತಿರುವಿದ್ರೂ ಬರೇ ಗಾಳಿ. ಅಲ್ಲಿ ಜಾಸ್ತಿ ಬಿಟ್ಟಿ ಅಂದ್ರ ಪೈಪೇ ಹಾರಿಹೋಗ್ತೈತಿ."

"ನಡುವಿನ ಈ ಹೈ, ಮಿಡ್, ಲೋ?"

"ಖಾರ, ಉಪ್ಪು, ಬೆಲ್ಲ."

"ಎಕೋ?"

"ಅದು ಒಗ್ಗರಣಿ. ಭಾಷಣ ಮಾಡೋರೆಲ್ಲಾ ಅದನ್ನ ಕೇಳ್ತಾರ. ಕೊಡಬಾರ್ದು."

ಇಷ್ಟು ಚೆನ್ನಾಗಿ ನಾನು ಇತಿಹಾಸ ಹೇಳಿದ್ದರೆ ನನ್ನ ವಿದ್ಯಾರ್ಥಿಗಳು ನಿದ್ದೆ ಮಾಡುತ್ತಿದ್ದರೇ?

ಮಾವನಿಗಿಂತ ಹೆಚ್ಚು ಖುಷಿಯಾಗಿದ್ದವಳು ಅವನ ಹೆಂಡತಿ, ನಮ್ಮ ಗೌರಮ್ಮತ್ತೆ. ಒಂಬತ್ತು ವರ್ಷದಿಂದ ಭಜನಾ ಮಂಡಳಿಯಲ್ಲಿದ್ದಾಳೆ. ಹಿಂದಿನ ಸಾಲು, ಕೈಯಲ್ಲಿ ತಾಳ. ಇದ್ದ ಎರಡು ಮೈಕುಗಳಲ್ಲಿ ಒಂದು ಹಾರ್ಮೋನಿಯಂಗೆ, ಇನ್ನೊಂದು ಮಂಡಳಿಯ ಮುಖ್ಯ ಗಾಯಕಿ, ರಿಟೈರ್ಡ್ ಟೀಚರ್ ಸರ್ವಮಂಗಳಮ್ಮನವರಿಗೆ. ಅತ್ತೆ ಹಾಡುತ್ತಾಳೆಂಬುದು ಅವಳಿಗೆ ಮತ್ತು ಅವಳ ಪಕ್ಕದವರಿಗೆ ಮಾತ್ರ ಗೊತ್ತಿತ್ತು. ಈಗ ಎಂಟು ಚಾನೆಲ್. ಅಂದರೆ ಅತ್ತೆಗೂ ಒಂದು ಮೈಕು!

"ನನ್ನ ದನಿ ಹಾರ್ನ್‌ನ್ಯಾಗ ಹೆಂಗ ಬರ್ತೈತೋ ಒಮ್ಮಿ ಕೇಳ್ಬೇಕು ಲೇ," ಎಂದಳು ನನ್ನ ಹತ್ತಿರ. "ಒಮ್ಮಿ ಕೇಳಿದ್ರ ಸಾಕು."

ಹಡಗಲಿಯ ಸ್ಪರ್ಧೆಗೆಂದು ಒಂದು ತಿಂಗಳು ತಾಲೀಮು ನಡೆಸಿದಳು. ಕುಕ್ಕರಿನ ಎದುರು, ಎಮ್ಮೆಯ ಎದುರು, ಹಲ್ಲುಜ್ಜುವಾಗ ಕೂಡ. ತಂಬ್ರಹಳ್ಳಿಯಲ್ಲಿರುವ ತನ್ನ ಅಕ್ಕನಿಗೆ ಪತ್ರ ಬರೆದು, ಮೊದಲ ಬಸ್ಸಿಗೇ ಬಂದು ಮುಂದಿನ ಕುರ್ಚಿ ಹಿಡಿಯಬೇಕೆಂದು ಆಜ್ಞೆ ಮಾಡಿದಳು.

ಅತ್ತೆಯ ದನಿ ಚೆನ್ನಾಗಿದೆ. ನಾನು ಪ್ರಮಾಣ ಮಾಡಿ ಹೇಳುತ್ತೇನೆ. ತೊಂದರೆ ಏನೆಂದರೆ ಅದು ಯಾರ ಜೊತೆಗೂ ಹೋಗುವುದಿಲ್ಲ. ಎಲ್ಲರೂ ಸಾಲಿನ ಮಧ್ಯದಲ್ಲಿರುವಾಗ ಅತ್ತೆ ಆ ಸಾಲು ಮುಗಿಸಿ, ಮುಂದಿನ ಸ್ಟಾಪಿನಲ್ಲಿ ಕೈಚೀಲ ಹಿಡಿದು ಕಾಯುತ್ತಿರುತ್ತಾಳೆ.

ಸ್ಪರ್ಧೆಗೆ ಐದು ಮಂಡಳಿಗಳು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಮತ್ತು ಹಡಗಲಿಯವರೇ. ಎಲ್ಲರಿಗೂ ಸೌಂಡ್ ನಮ್ಮ ಮಾವನದೇ. ಚೀಟಿ ಎತ್ತಿದಾಗ ಕೊಟ್ಟೂರಿನವರದು ಮೊದಲ ಹಾಡು ಎಂದು ಬಂತು. ಬೆಳಿಗ್ಗೆ ಒಂಬತ್ತಕ್ಕೇ ಅವರನ್ನು ವೇದಿಕೆಯ ಮೇಲೆ ಕೂರಿಸಿ ಮಾವ ಮಿಕ್ಸರ್ ಹೊಂದಿಸತೊಡಗಿದ. ತಬಲಾ ಇಷ್ಟು, ಹಾರ್ಮೋನಿಯಂ ಇಷ್ಟು, ಐದನೇ ಚಾನೆಲ್‌ನ ಟೀಚರ್ ಇಷ್ಟು. ಒಂದೊಂದು ಹದಕ್ಕೆ ಬಂದಂತೆಲ್ಲ ಆ ಫೇಡರಿನ ಪಕ್ಕ ಒಂದು ಸಣ್ಣ ಗುರುತು.

ಬೇರೆ ಕಡೆ ಈ ಗುರುತಿಗೆ ಟೇಪು ಅಂಟಿಸುತ್ತಾರಂತೆ. ಮಾವನ ಜೇಬಿನಲ್ಲಿ ಟೇಪು ಇರುವುದಿಲ್ಲ, ವಿಭೂತಿ ಗಟ್ಟಿ ಇರುತ್ತದೆ. ಕರಿ ಮಿಕ್ಸರಿನ ಮೇಲೆ ಬಿಳಿ ಗೆರೆ ಎದ್ದು ಕಾಣುತ್ತದೆ, ಒರೆಸಿದರೆ ಹೋಗುತ್ತದೆ. ಇದಕ್ಕಿಂತ ಒಳ್ಳೆಯ ವಿಧಾನ ಎಲ್ಲಿದೆ?

ಆರನೆಯದು ಅತ್ತೆಯ ಸರದಿ.

"ಹಲೋ... ಹಲೋ... ರೀ, ನಂದು ಕೇಳ್ಸವಲ್ದು!"

"ಹಾಡೋರಿಗೆ ತಮ್ಮ ದನಿ ತಮಗ ಕೇಳ್ಸಂಗಿಲ್ಲ," ಎಂದ ಮಾವ ತಲೆ ಎತ್ತದೆ. "ಅದು ವಿಜ್ಞಾನ."

"ಟೀಚರಿಗೆ ಕೇಳ್ಸತೈತಂತಲ್ಲ?"

"ಅವ್ರಿಗೆ ಪೆನ್ಶನ್ ಬರ್ತೈತಿ."

ನಾನು ಬಗ್ಗಿ ನೋಡಿದೆ. ಆರನೇ ಗೆರೆ ಫೇಡರಿನ ಬುಡದಲ್ಲಿ ಇದ್ದಂತಿತ್ತು. "ಮಾವ, ಇದು ಪೂರ್ತಿ ಕೆಳಗೈತಲ್ಲ?" ಎಂದೆ. "ಹಂಗ ಇರ್ಲಿ ಬಿಡು," ಎಂದ. ತಾಲೀಮು ಮುಗಿಸಿ ಇಳಿದು ಬಂದ ಅತ್ತೆ, ನನ್ನ ಹೆಗಲ ಮೇಲಿಂದ ಮಿಕ್ಸರನ್ನು ಇಣುಕಿದಳು.

"ಲೇ, ನಂದು ಎಷ್ಟನೇ ನಂಬರು?"

"ಆರು."

"ಯಾವ ಕಡಿಂದ ಎಣಿಸ್ಬೇಕು?"

"ಎಡಗಡೆಯಿಂದ."

"ಹೂಂ," ಎಂದು ಮಲ್ಲಿಗೆ ಮುಡಿಯಲು ಹೋದಳು.

ಅಷ್ಟರಲ್ಲಿ ಹರಪನಹಳ್ಳಿ ಮಂಡಳಿಯವರು ಜಗಳ ತೆಗೆದರು. "ಹೆಂಡ್ತಿ ಹಾಡೋದು, ಗಂಡ ಗುಂಡಿ ತಿರುಗ್ಸೋದು. ಇದ್ಯಾವ ನ್ಯಾಯ ರೀ? ನಮ್ ದನಿ ಇಳಿಸಿ ಅವ್ರದ್ದು ಏರ್ಸಿದ್ರೆ?" ವ್ಯವಸ್ಥಾಪಕರಿಗೆ ಹೌದೆನಿಸಿತು. ಕೊಟ್ಟೂರಿನವರು ಹಾಡುವಾಗ ಮಾವ ಮಿಕ್ಸರ್ ಮುಟ್ಟಕೂಡದು ಎಂದು ತೀರ್ಪಾಯಿತು.

"ಹಂಗಾದ್ರ ಈಕಿ ಕುಂದರ್ತಾಳ," ಎಂದು ಮಾವ ನನ್ನನ್ನು ಮುಂದೆ ನೂಕಿದ. "ಯೂನಿವರ್ಸಿಟಿ ಓದಿದಾಕಿ. ಹರಪನಹಳ್ಳ್ಯಾಗ ಇರ್ತಾಳ."

ತಮ್ಮೂರಿನವಳು ಎಂದಮೇಲೆ ಇನ್ನೇನು? ಎಲ್ಲರೂ ಒಪ್ಪಿದರು. ನಾನು ಯಾರ ಅಕ್ಕನ ಮಗಳು ಎಂದು ಒಬ್ಬರೂ ಕೇಳಲಿಲ್ಲ. (ನಾನೂ ಹೇಳಲಿಲ್ಲ. ಇತಿಹಾಸಕಾರರು ಕೇಳದೆ ದಾಖಲೆ ಕೊಡಬಾರದು.)

ಹೊರಗಿನ ಹಾರ್ನ್ ನೋಡಿಕೊಳ್ಳಲು ಗೇಟಿನ ಕಡೆ ಹೊರಟ ಮಾವ ಕಿವಿಯಲ್ಲಿ ಹೇಳಿದ: "ಗೇನ್ ಎಲ್ಲಾ ನಾ ಇಟ್ಟೀನಿ, ಮುಟ್ಟಬ್ಯಾಡ. ಫೇಡರ್ ಎಲ್ಲಾ ಈಗ ಕೆಳಗ ಅದಾವ. ಹಾಡು ಶುರುವಾದ ಕೂಡ್ಲೇ ಒಂದೊಂದನ್ನ ಅದರದರ ವಿಭೂತಿ ಗೆರಿಗೆ ತಂದು ನಿಲ್ಸು. ತಲಿ ಓಡಿಸಬ್ಯಾಡ."

ತಲೆ ಓಡಿಸದಿರುವುದು ನನಗೆ ಕಷ್ಟವಲ್ಲ. ನೆಮ್ಮದಿಯಾಗಿ ಉಪ್ಪಿಟ್ಟು ತಿನ್ನಲು ಹೋದೆ.

ತಿರುಗಿ ಬಂದಾಗ ಮಿಕ್ಸರ್ ಫಳಫಳ ಹೊಳೆಯುತ್ತಿತ್ತು. ಈ ತುದಿಯಿಂದ ಆ ತುದಿಯವರೆಗೆ, ಎಂಟೂ ಫೇಡರುಗಳ ಮೇಲ್ಭಾಗಕ್ಕೆ ಅಡ್ಡಲಾಗಿ, ಅಚ್ಚುಕಟ್ಟಾದ ಮೂರು ವಿಭೂತಿ ಪಟ್ಟೆ. ಎಂಟಕ್ಕೂ ಯಜಮಾನನಾದ ಮಾಸ್ಟರ್ ಫೇಡರಿಗೆ ಕುಂಕುಮ. ಪಟ್ಟೆಗಳ ಮೇಲೆ ಒಂದು ಮೊಳ ಮಲ್ಲಿಗೆ.

ನಿಂತು ಯೋಚಿಸಿದೆ. ಬೆಳಿಗ್ಗೆ ಗೆರೆಗಳು ಒಂದು ಮೇಲೆ, ಒಂದು ಕೆಳಗೆ ಇದ್ದವಲ್ಲ? ಆರನೆಯದು ಬುಡದಲ್ಲಿತ್ತಲ್ಲ? ಇತ್ತೇ? ಅಥವಾ ನಾನೇ ಹಾಗೆಂದುಕೊಂಡೆನೇ? ಬೇರೆ ಯಾರಾದರೂ ಆಗಿದ್ದರೆ ತಮ್ಮ ಕಣ್ಣನ್ನು ನಂಬಿ, ಗೇಟಿಗೆ ಓಡಿ ಮಾವನನ್ನು ಕೇಳುತ್ತಿದ್ದರು. ನಾನು ನನ್ನ ನೆನಪಿನ ಮೇಲೆ ಅನುಮಾನಪಟ್ಟೆ. ನನಗೆ ಸುಲಭವಾಗಲೆಂದು ಮಾವನೇ ಎಲ್ಲ ಸರಿಮಾಡಿ, ಪೂಜೆಯನ್ನೂ ಮುಗಿಸಿರಬೇಕು. ಉಳಿದದ್ದು ಒಂದೇ ಪ್ರಶ್ನೆ. ಮೂರು ಪಟ್ಟೆಗಳಲ್ಲಿ ಯಾವುದು?

ವಿದ್ಯಾವಂತರು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದೆ. ನಡುವಿನದನ್ನು ಆರಿಸಿಕೊಂಡೆ.

ಹಾಡು ಶುರುವಾಯಿತು. ಎಂಟೂ ಫೇಡರುಗಳನ್ನು ನಡುವಿನ ಪಟ್ಟೆಗೆ ತಂದು ನಿಲ್ಲಿಸಿದೆ. ಮೊದಲು 'ಕುಂಯ್' ಎಂದು ಒಂದು ಉದ್ದನೆಯ ಕೂಗು. ಆಮೇಲೆ ತಾಳಗಳು ಗೂಡ್ಸ್ ರೈಲಿನ ಹಾಗೆ ಹೊರಟವು. ಹಾರ್ಮೋನಿಯಂ ಹಾಡುವುದಷ್ಟೇ ಅಲ್ಲ, ಅದು ಉಸಿರಾಡುವುದೂ ಕೇಳಿಸಿತು. ಇವೆಲ್ಲದರ ನೆತ್ತಿಯ ಮೇಲೆ, ಒಂಬತ್ತು ವರ್ಷ ಹಿಂದಿನ ಸಾಲಿನಲ್ಲಿ ಕೂತಿದ್ದ ಒಂದು ದನಿ ಎದ್ದು ನಿಂತಿತು.

ಅತ್ತೆ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಟೀಚರ್ ಮೊದಲ ಸಾಲಿನಲ್ಲಿದ್ದರು, ಅತ್ತೆ ಆಗಲೇ ಎರಡನೆಯದರಲ್ಲಿ. ತಬಲಾದವಳು ಒಮ್ಮೆ ಟೀಚರ ಮುಖ, ಒಮ್ಮೆ ಅತ್ತೆಯ ಮುಖ ನೋಡಿ, ಕೊನೆಗೆ ಹೆಚ್ಚು ಗಟ್ಟಿಯಾಗಿ ಕೇಳಿಸುವವರ ಹಿಂದೆ ಓಡಿದಳು.

ಬಾಗಿಲಲ್ಲಿ ಮಾವ ಪ್ರತ್ಯಕ್ಷನಾದ. ಬಾಯಿ ತೆರೆದೇ ಇತ್ತು. ಬಲಗೈ ಪೂರ್ತಿ ಬಿಚ್ಚಿ, ಎಡಗೈಯ ಒಂದು ಬೆರಳು ಎತ್ತಿ, "ಆರು! ಇಳಿಸು!" ಎಂದು ಸನ್ನೆ ಮಾಡತೊಡಗಿದ. ಗಾಬರಿಯಲ್ಲಿ ನನಗೆ ಕಂಡದ್ದು ಬಲಗೈ ಮಾತ್ರ. ಐದು. ಐದನ್ನು ಬುಡಕ್ಕೆ ಇಳಿಸಿದೆ.

ಐದು ಟೀಚರದು.

ಸರ್ವಮಂಗಳಮ್ಮನವರ ಬಾಯಿ ಆಡುತ್ತಿದೆ, ದನಿ ಇಲ್ಲ. ಮೈಕು ತಟ್ಟಿದರು. ಊದಿದರು. ನನ್ನ ಕಡೆ ತಿರುಗಿ ನೋಡಿದರು. (ಆ ನೋಟದ ವಿವರ ಡೈರಿಯಲ್ಲಿಲ್ಲ, ಬೇಕಾಗಿಯೂ ಇಲ್ಲ.) ಮಾವ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ಅದು ಯಾವ ಚಾನೆಲ್ ಎಂದು ತಿಳಿಯದೆ ನಾನು ಕೈಕಟ್ಟಿ ಕೂತೆ.

ಈಗ ಸಭೆಯಲ್ಲಿ ಅತ್ತೆ ಒಬ್ಬಳೇ. ಹಿಡಿಯಲು, ತಡೆಯಲು ಯಾರೂ ಇಲ್ಲ. ತಂಬ್ರಹಳ್ಳಿಯ ಅಕ್ಕ ಮೊದಲ ಸಾಲಿನಲ್ಲಿ ಎದ್ದು ನಿಂತು ಚಪ್ಪಾಳೆ ಹಾಕತೊಡಗಿದರು. ಹಿಂದಿನವರು ನಕ್ಕರು. ನಗುತ್ತಲೇ ಅವರೂ ಚಪ್ಪಾಳೆ ಹಿಡಿದರು. ಹೊರಗೆ ರಸ್ತೆಯಲ್ಲಿ ಹೋಗುತ್ತಿದ್ದವರು ಏನಾಯಿತೆಂದು ಒಳಗೆ ಬಂದು ನೋಡಿದರು. ಏಳು ನಿಮಿಷದ ಭಜನೆ ನಾಲ್ಕೇ ನಿಮಿಷದಲ್ಲಿ ಮುಗಿಯಿತು. ಕಣ್ಣು ತೆರೆದ ಅತ್ತೆ, ಉಳಿದವರೆಲ್ಲ ಎಲ್ಲಿ ಉಳಿದರು ಎಂಬಂತೆ ಸುತ್ತ ನೋಡಿದಳು.

ಐದರಲ್ಲಿ ಐದನೇ ಸ್ಥಾನ. ತೀರ್ಪುಗಾರರು ಮಾತ್ರ ಸಮಾರೋಪದಲ್ಲಿ, "ಧ್ವನಿ ವ್ಯವಸ್ಥೆ ಅತ್ಯುತ್ತಮವಾಗಿತ್ತು" ಎಂದರು!

ಸಂಜೆ ಟೆಂಪೋದಲ್ಲಿ ಡ್ರೈವರ್ ಪಕ್ಕ ಅತ್ತೆ, ಹಿಂದೆ ಹಾರ್ನ್‌ಗಳ ನಡುವೆ ನಾನು ಮತ್ತು ಮಾವ.

"ವಿಭೂತಿ ಯಾರು ಒರಿಸಿದ್ರು?" ಎಂದ ಮಾವ, ಮುಂದಕ್ಕೆ ಕೇಳಿಸುವಂತೆ.

"ನಾನ," ಎಂದಳು ಅತ್ತೆ, ತಿರುಗಿಯೂ ನೋಡದೆ. "ಹೊಸಾ ಮಿಷಿನ್ನು, ಪೂಜಿ ಬ್ಯಾಡೇನು? ಹಚ್ಚಿದ್ದರ ಹೆಂಗ ಹಚ್ಚಿದ್ರಿ! ಒಂದು ಅಲ್ಲಿ, ಒಂದು ಇಲ್ಲಿ. ಕೋಳಿ ಕೆದರಿದಂಗ. ಒರಿಸಿ ನೀಟಾಗಿ ಹಚ್ಚೀನಿ."

ಮಾವ ನನ್ನ ಕಡೆ ಬಗ್ಗಿ ಪಿಸುಗುಟ್ಟಿದ: "ಮೈಕ್ ಕೊಟ್ಟಿದ್ದೆ ಲೇ. ಸ್ಟ್ಯಾಂಡ್ ಕೊಟ್ಟಿದ್ದೆ. ಮೈಕಿಗೆ ಕೆಂಪು ಸ್ಪಂಜಿನ ಟೊಪ್ಪಿಗಿನೂ ಹಾಕಿದ್ದೆ. ಇನ್ನೇನು ಬೇಕು?"

"ದನಿ?"

"ಅದೊಂದು ಬಿಟ್ಟು."

ಕೆಟ್ಟವನಲ್ಲ ನಮ್ಮ ಮಾವ. ಮಂಡಳಿ ಗೆಲ್ಲಬೇಕು, ಹೆಂಡತಿಯ ಮನಸ್ಸೂ ನೋಯಬಾರದು. ಆರನೇ ಫೇಡರ್ ಬುಡದಲ್ಲಿದ್ದರೆ ಎರಡೂ ಆಗುತ್ತಿತ್ತು. ಲೆಕ್ಕ ಸರಿಯಾಗಿಯೇ ಇದೆ. ಎಷ್ಟು ಮನೆಗಳಲ್ಲಿ, ಎಷ್ಟು ಮೀಟಿಂಗುಗಳಲ್ಲಿ ನಾವು ಹೀಗೇ ಮಾಡುವುದಿಲ್ಲ? ಕುರ್ಚಿ ಕೊಡುತ್ತೇವೆ, ಹಾರ ಹಾಕುತ್ತೇವೆ, 'ಮಾತಾಡಿ ಮೇಡಂ' ಎಂದು ಮೈಕನ್ನೂ ಕೊಡುತ್ತೇವೆ. ಫೇಡರ್ ಎಲ್ಲಿದೆ ಎಂದು ಮಾತ್ರ ಹೇಳುವುದಿಲ್ಲ. ಹಿಂದಿನ ಬೆಂಚಿನ ವಿದ್ಯಾರ್ಥಿ ಕೈ ಎತ್ತಿದಾಗ ನಾನೂ 'ಹೂಂ, ಹೇಳು' ಎಂದು ಹೇಳಿ ಅಟೆಂಡೆನ್ಸ್ ಪುಸ್ತಕ ತೆರೆದಿದ್ದೇನೆ. (ಒಮ್ಮೆಯೋ, ಪ್ರತಿದಿನವೋ, ನೆನಪಿಲ್ಲ. ಇದು ಮಾತ್ರ ಅನುಕೂಲದ ಮರೆವು.)

ಇಷ್ಟಾದ ಮೇಲೂ ಒಂದು ವಿಷಯ ನನ್ನನ್ನು ಬಿಡುತ್ತಿಲ್ಲ. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅತ್ತೆಯನ್ನು ಕೇಳಿದೆ. "ಚಾಕ್ಕ ಸಕ್ರಿ ಎಷ್ಟು ಹಾಕ್ಲಿ?" ಎಂದಳು. ಪತ್ರ ಬರೆದೆ. ಉತ್ತರದಲ್ಲಿ ಎಮ್ಮೆ ಕರು ಹಾಕಿದ ಸುದ್ದಿ ಇತ್ತು. ಮೊನ್ನೆ ಫೋನ್ ಮಾಡಿ ಮೂರನೇ ಸಲ ಕೇಳಿದೆ. "ಲೇ, ಕೇಳ್ಸವಲ್ದು, ನಿನ್ನ ದನಿ ಬಾಳ ಸಣ್ಣಗ ಬರಾಕತ್ತೈತಿ," ಎಂದು ಇಟ್ಟುಬಿಟ್ಟಳು.

ಕೇಳಿದ್ದು ಇಷ್ಟೇ: "ಅತ್ತಿ, ನೀ ಒರಿಸೋಕಿಂತ ಮೊದ್ಲು, ಎಡಗಡಿಂದ ಎಣಿಸಿದ್ದೇನು?"