ಹಬ್ಬುವಾಡದಲ್ಲಿ ನಾನು ಕಟ್ಟಿದ ಒಡ್ಡು

ಬಾಗಿಲು ತೆರೆದವನು ನಾನೇ. ಸೊಂಟದಲ್ಲಿ ಮಗಳು, ಕೈಯಲ್ಲಿ ಸೌಟು. ಆದರೂ ಮೀನಿನ ಬುಟ್ಟಿ ಹೊತ್ತು ಬಂದ ಹೆಂಗಸು ನನ್ನ ಭುಜದ ಆಚೆ ಇಣುಕಿ, "ಮನೇಲಿ ಯಾರೂ ಇಲ್ವೇ?" ಅಂದಳು. ಆರಡಿ ಗಂಡಸು ಎದುರಿಗೇ ನಿಂತಿದ್ದೇನೆ! "ನಾ ಅದೀನಲ್ಲವಾ" ಅಂದೆ. ಪಾಪ, ಅವಳು ಗಾಬರಿಯಾಗಿ ಬುಟ್ಟಿ ಎತ್ತಿಕೊಂಡು ಹೋಗಿಯೇಬಿಟ್ಟಳು. ಕಾರವಾರದಲ್ಲಿ ಅದು ನನ್ನ ಮೊದಲ ಬೆಳಗು.

ನಾನು ಗದಗ ಜಿಲ್ಲೆಯ ರೋಣದ ಕಡೆಯವನು. ಹೆಂಡತಿ ಸಾವಿತ್ರಿಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಿತು. ಮಗಳು ಚಿನ್ನಿಗೆ ಆಗ ಎರಡು ವರ್ಷ. ಶಾಲೆಯೊಂದರ ಗುಮಾಸ್ತಿಕೆ ಬಿಟ್ಟು ಮನೆ ನೋಡಿಕೊಳ್ಳುತ್ತೇನೆ ಅಂದವನು ನಾನೇ, ಯಾರೂ ಒತ್ತಾಯ ಮಾಡಲಿಲ್ಲ. ಊರ ಕಟ್ಟೆಯ ಮೇಲೆ "ಬಸ್ಯಾ ಒಲಿ ಮುಂದ ಕುಂತಾನಂತ!" ಎಂದು ನಗುತ್ತಾರೆಂದು ಗೊತ್ತಿತ್ತು. ನಗಲಿ ಬಿಡಿ. ಮಗಳ ಜಡೆ ಹೆಣೆಯಲು ಕಲಿತೆ, ಹಣೆ ಮುಟ್ಟಿ ಜ್ವರ ಹೇಳಲು ಕಲಿತೆ, ನನ್ನ ರೊಟ್ಟಿ ನಮ್ಮವ್ವನ ರೊಟ್ಟಿಗಿಂತ ತೆಳ್ಳಗೆ ಬರುತ್ತಿತ್ತು. ಮನೆಯನ್ನು ಕನ್ನಡಿಯ ಹಾಗೆ ಇಟ್ಟಿದ್ದೆ. ಆ ಜಂಬವನ್ನು ನಾನು ಮುಚ್ಚಿಡುವುದಿಲ್ಲ, ಮುಂದೆ ಆದದ್ದಕ್ಕೆಲ್ಲ ಅದೇ ಮೂಲ.

ಹಬ್ಬುವಾಡದ ಓಣಿಯೊಂದರ ಕೊನೆಗೆ, ಗುಡ್ಡದ ಬುಡಕ್ಕೆ ನಮ್ಮ ಬಾಡಿಗೆ ಮನೆ. ಇಲ್ಲಿ ಎಲ್ಲವೂ ನೀರಾಗುತ್ತದೆ. ನಮ್ಮಲ್ಲಿ ತಿಂಗಳುಗಟ್ಟಲೆ ಉದುರುದುರಾಗಿ ಇರುವ ಶೇಂಗಾ ಚಟ್ನಿ ಇಲ್ಲಿ ವಾರಕ್ಕೇ ಮೆತ್ತಗೆ. ಡಬ್ಬಿಯೊಳಗಿನ ಉಪ್ಪು ಅಳುತ್ತದೆ. ತರಕಾರಿಯವಳು "ಕಿತೇಂ ಜಾಯ್?" ಎಂದು ಕೊಂಕಣಿಯಲ್ಲಿ ಏನು ಬೇಕೆಂದು ಕೇಳಿದರೆ ನಾನು ಬದನೆಕಾಯಿ ಎತ್ತಿ ತೋರಿಸುತ್ತಿದ್ದೆ. ಮಧ್ಯಾಹ್ನ ಮಾತಾಡಲು ಒಂದು ನರಪಿಳ್ಳೆ ಇಲ್ಲ. ಕುಕ್ಕರಿನ ಜೊತೆ ಮಾತಾಡಿದ್ದೇನೆ, ಸುಳ್ಳಲ್ಲ.

ಆ ಒಂಟಿತನ ಮುರಿದವಳು ಮಾದೇವಿ ಅಕ್ಕ. ತವರು ಅಂಕೋಲೆಯ ಭಾವಿಕೇರಿ; ಗಂಡ ಇಲ್ಲ, ಕೂಲಿ ಮಾಡಿ ಒಬ್ಬಳೇ ಬದುಕುವವಳು. ನಮ್ಮ ಅಂಗಳದ ಅಂಚಿನಿಂದ ಕೆಳಕ್ಕೆ ಎರಡಾಳೆತ್ತರದ ಧರೆ, ಅಂದರೆ ಗುಡ್ಡ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆ. ಅದರ ಬುಡಕ್ಕೇ ಅವಳ ಹೆಂಚಿನ ಅಡುಗೆಮನೆ. ಕೂಲಿ ಇಲ್ಲದ ದಿನ ಚಿನ್ನಿಯನ್ನು ಕರೆದೊಯ್ದು ಕುಚ್ಚಲಕ್ಕಿ ಗಂಜಿ ಉಣಿಸುತ್ತಿದ್ದಳು. ನನ್ನನ್ನು ನೋಡಿ ನಗದೆ ಇದ್ದ ಮೊದಲ ಜೀವ ಅವಳು. "ಗಂಡಸು ಬೇಸಿದ್ರೆ ಅನ್ನ ಬೇಯೂದಿಲ್ವೇ ತಮಾ?" ಅಂದಿದ್ದಳು.

ಮೇ ತಿಂಗಳಲ್ಲಿ ನಮ್ಮ ಬಾವಿ ಬತ್ತಿತು. ಸಮುದ್ರದ ಪಕ್ಕದಲ್ಲಿ ಕೊಡ ಹಿಡಿದು ಟ್ಯಾಂಕರಿಗೆ ಕಾಯುವುದೆಂದರೆ ನಾಚಿಕೆಗೇಡು. ಜೂನ್ ಮೊದಲ ಮಳೆಗೆ ಗುಡ್ಡದ ನೀರು ಹಿತ್ತಲ ಕಾಲುವೆಯಲ್ಲಿ ಇಳಿದು, ಮನೆಯ ಬದಿಯಿಂದ ಓಣಿಗೆ ಹೋಗುವುದನ್ನು ನೋಡಿ ನನ್ನ ಹೊಟ್ಟೆ ಉರಿಯಿತು. ನಮ್ಮೂರಲ್ಲಿ ಹನಿ ನೀರು ಹೊಲ ಬಿಟ್ಟು ಹೋದರೆ ಅಪ್ಪ ಉಣ್ಣುತ್ತಿರಲಿಲ್ಲ. ಎರಡು ದಿನ ದುಡಿದು ಕಾಲುವೆಗೆ ಅಡ್ಡ ಕಲ್ಲು-ಮಣ್ಣಿನ ಒಡ್ಡು ಹಾಕಿದೆ. ನೀರು ಅಂಗಳದ ಬದಿಗೆ ನಿಂತು, ಇಂಗಿ, ಬಾವಿ ಮೊಳಗಟ್ಟಲೆ ಏರಿತು. ಫೋಟೋ ತೆಗೆದು ಊರಿಗೆ ಕಳಿಸಿದೆ. ಅಪ್ಪ ಫೋನಿನಲ್ಲಿ "ಶಾಭಾಸ್" ಅಂದ. ಕೆಲಸ ಬಿಟ್ಟ ಮೇಲೆ ಅವನ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು.

ಮಾದೇವಿ ಅಕ್ಕ ಬಂದು ನೋಡಿದಳು. ಮುಖ ಸಣ್ಣದಾಯಿತು.

"ನೀರು ಬಿಡು ತಮಾ. ಇಲ್ಲಿ ಮಳೆ ಹಾಂಗಲ್ಲ. ನೀರಿಗೆ ಹೋಗೂಕೆ ದಾರಿ ಕೊಡ್ಬೇಕು, ಇಲ್ದಿದ್ರೆ ಅದೇ ಮಾಡ್ಕಂತದೆ."

"ಅಕ್ಕಾ, ನಾ ರೈತನ ಮಗ. ನೀರ ಬಗ್ಗೆ ನನಗ ಹೇಳಬ್ಯಾಡ. ನನ್ನ ಮನಿ ನನಗ ಗೊತ್ತೈತಿ" ಅಂದೆ. ದನಿ ಸ್ವಲ್ಪ ಜೋರಾಗಿಯೇ ಇತ್ತು. ಅವಳು ಸೆರಗು ಸರಿಮಾಡಿಕೊಂಡು ಇಳಿದು ಹೋದಳು. ಮತ್ತೆ ಆ ಮಾತು ಎತ್ತಲಿಲ್ಲ.

ಆಮೇಲೆ ಮನೆ ಒಂದೊಂದೇ ಸುಳಿವು ಕೊಡತೊಡಗಿತು. ಮುಂಬಾಗಿಲು ಹೊಸ್ತಿಲಿಗೆ ಕಚ್ಚತೊಡಗಿತು. ಮಳೆಗೆ ಕಟ್ಟಿಗೆ ಉಬ್ಬಿದೆಯೆಂದು ಹತ್ತರಿ ಹೊಡೆದು ಅಂಚು ಸವೆಸಿದೆ. ಬಾವಿಯ ನೀರು ಕೆಂಪಗಾಯಿತು. ಹಳೆಯ ಧೋತರದಲ್ಲಿ ಸೋಸಿದೆ. ಅಂಗಳದ ಅಂಚಿನ ನುಗ್ಗೆ ಮರ ಕೆಳಮನೆಯ ಕಡೆ ವಾಲಿತು; ಹಗ್ಗ ಹಾಕಿ ಕಿಟಕಿಯ ಸರಳಿಗೆ ಬಿಗಿದೆ. ಒಂದು ಬೆಳಗ್ಗೆ ಅಂಗಳದಲ್ಲಿ ಕೂದಲೆಳೆಯಂಥ ಬಿರುಕು, ಧರೆಯ ಉದ್ದಕ್ಕೂ. ಮಣ್ಣು ಸಗಣಿ ಕಲಸಿ ಸಾರಿಸಿದೆ. ಮರುದಿನ ಮತ್ತೆ ಬಾಯಿ ಬಿಟ್ಟಿತ್ತು, ಮತ್ತೆ ಸಾರಿಸಿದೆ. ಹೀಗೆ ಎಂಟು ದಿನ. ಸಾವಿತ್ರಿ ಡ್ಯೂಟಿಗೆ ಹೊರಡುವಾಗ ನೋಡಿ, "ಎಷ್ಟ್ ಚಂದ ಇಟ್ಟೀರಿ ಅಂಗಳ" ಅಂದಳು. ನನ್ನ ಅಚ್ಚುಕಟ್ಟುತನದ ಕೆಳಗೆ ಎಲ್ಲ ಮುಚ್ಚಿಹೋಯಿತು. ಒಬ್ಬ ಸೋಮಾರಿ ಆ ಮನೆಯಲ್ಲಿದ್ದಿದ್ದರೆ ಓಣಿಯ ಹತ್ತು ಜನರ ಕಣ್ಣಿಗೆ ಆ ಬಿರುಕು ಬೀಳುತ್ತಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ. ಮಳೆ ಎಡೆಬಿಡದೆ ಹೊಯ್ಯುತ್ತಿತ್ತು. ಚಿನ್ನಿಯನ್ನು ಮಾದೇವಿ ಅಕ್ಕ ಗಂಜಿಗೆಂದು ತನ್ನ ಮನೆಗೆ ಕರೆದೊಯ್ದಿದ್ದಳು. ನಾನು ರೊಟ್ಟಿ ಬಡಿದು, ಹಿಟ್ಟು ನಾದುವ ಕೊಮ್ಮೆ ತೊಳೆದ ನೀರು ಚೆಲ್ಲಲು ಅಂಗಳಕ್ಕೆ ಬಂದೆ. ಬೆಳಗ್ಗೆ ಸಾರಿಸಿದ ಜಾಗದಲ್ಲಿ ನನ್ನ ಕಾಲು ಮೀನಖಂಡದವರೆಗೂ ಇಳಿಯಿತು. ಎಳೆದುಕೊಂಡೆ. ನುಗ್ಗೆಗೆ ಕಟ್ಟಿದ ಹಗ್ಗ ಬಿಗಿದು ನಿಂತಿತ್ತು, ಕಿಟಕಿಯ ಸರಳು ಬಾಗಿತ್ತು.

"ಅಕ್ಕಾ! ಹೊರಗ ಬಾ!" ಎಂದು ಕೂಗಿದೆ. ಹೆಂಚಿನ ಮೇಲಿನ ಮಳೆಯಲ್ಲಿ ಯಾರಿಗೆ ಕೇಳಬೇಕು? ಓಣಿಯ ಮೆಟ್ಟಿಲಲ್ಲಿ ಬಿದ್ದು ಎದ್ದು ಓಡಿದೆ. ಚಿನ್ನಿ ಧರೆಯ ಕಡೆಯ ಗೋಡೆಗೇ ಒರಗಿ ಕೂತು ಉಣ್ಣುತ್ತಿದ್ದಳು.

"ಎಂತಾ ಆಯ್ತು ತಮಾ? ಊಟ ಆಗಿಲ್ವೇ?"

ಮಗಳನ್ನು ಬಗಲಿಗೆ ಎತ್ತಿ, ಅಕ್ಕನ ಕೈ ಹಿಡಿದು ಎಳೆದೆ. "ಧರೆ ಬರಾಕತ್ತೈತಿ, ನಡಿ!"

"ತಡಿ, ಒಲೆ ಮೇಲೆ ಸಾರು ಅದೆ" ಎಂದು ಅವಳು ಕೈ ಬಿಡಿಸಿಕೊಂಡು ತಿರುಗಿದಳು. ನಾನಾಗಿದ್ದರೂ ತಿರುಗುತ್ತಿದ್ದೆ, ಒಲೆಯ ಮೇಲೆ ಪಾತ್ರೆ ಬಿಟ್ಟು ಬರುವುದು ನಮ್ಮಂಥವರಿಗೆ ಬರುವುದಿಲ್ಲ. ಅಷ್ಟರಲ್ಲಿ ಗೋಡೆ ಒಳಗೆ ಬಂತು. ದೊಡ್ಡ ಸದ್ದೇನೂ ಇಲ್ಲ, ಚೀಲದಿಂದ ಜೋಳ ಸುರಿದ ಹಾಗೆ. ಅವಳ ಸೆರಗು ಸಿಕ್ಕಿತು, ಜಗ್ಗಿದೆ. ಮೂವರೂ ಓಣಿಯಲ್ಲಿ ಬಿದ್ದಿದ್ದೆವು. ಜಂತಿಯ ಏಟಿಗೆ ಅವಳ ಬಲಗೈ ಮುರಿದಿತ್ತು. ಕೂಲಿಯ ಕೈ. ಒಲೆ, ಸಾರು, ಗೋಡೆ ಎಲ್ಲ ಕೆಂಪು ಮಣ್ಣಿನ ಕೆಳಗೆ.

ಪಂಚನಾಮೆಗೆ ಬಂದವರು ಅತಿವೃಷ್ಟಿ ಎಂದು ಬರೆದುಕೊಂಡರು. ಓಣಿಯವರು ಗುಡ್ಡವನ್ನು ಬೈದರು. ಸಾವಿತ್ರಿ ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡಳು. "ಈಗ ಸುಮ್ನಿರ್ರಿ" ಅಂದಳು. ಸುಮ್ಮನಿದ್ದೆ. ನಮ್ಮ ಮನೆಯನ್ನೂ ಖಾಲಿ ಮಾಡಿಸಿದರು. ಎಲ್ಲಿ ಹೋಗುವುದೆಂದು ನಿಂತಾಗ, ಕೈಗೆ ಪಟ್ಟಿ ಹಾಕಿಸಿಕೊಂಡು ಬಂದ ಮಾದೇವಿ ಅಕ್ಕನೇ, "ಭಾವಿಕೇರೀಲಿ ನನ್ನ ತಮ್ಮನ ಮನೇಲಿ ಜಾಗ ಅದೆ, ಬನ್ನಿ" ಅಂದಳು.

ಇದನ್ನು ಭಾವಿಕೇರಿಯಿಂದಲೇ ಬರೆಯುತ್ತಿದ್ದೇನೆ. ಸಾವಿತ್ರಿ ಹೆದ್ದಾರಿಯ ಬಾಳೆಗುಳಿಗೆ ಹೋಗಿ ಕಾರವಾರದ ಬಸ್ಸು ಹಿಡಿಯುತ್ತಾಳೆ. ಪರರ ಅಡುಗೆಮನೆಯಲ್ಲಿ, ಮೀನು ಮುಟ್ಟದ ಮನೆತನದ ನಾನು ಒಣ ಬಂಗಡೆ ಸುಟ್ಟು, ಮುಳ್ಳು ತೆಗೆದು, ಗಂಜಿಯ ಜೊತೆ ಮಾದೇವಿ ಅಕ್ಕನಿಗೆ ಉಣಿಸುತ್ತೇನೆ. ಮೂರನೆಯ ದಿನ ತುತ್ತು ಎತ್ತಿದ ಕೈ ಅಲ್ಲೇ ನಿಂತಿತು.

"ಅಕ್ಕಾ, ಆ ನೀರು ಕಟ್ಟಿದವ ನಾನು. ನಿನ್ನ ಮನಿ ಕೆಡವಿದವ ನಾನು."

"ಗೊತ್ತದೆ" ಅಂದಳು. "ಹೇಳಿದ ದಿನ ನಾನೇ ಗುದ್ದಲಿ ಹಿಡ್ಕಂಡು ಬರೂಕಾಗಿತ್ತು. ಹೊರಗಿನಂವ, ಬೇಜಾರ ಮಾಡ್ಕಂತ ಅಂದ್ಕಂಡು ಬಿಟ್ಟೆ. ನಮ್ಮ ಬದಿಯಂವ ಆಗಿದ್ರೆ ಬೈದು ಒಡ್ಡು ಒಡೀತಿದ್ದೆ."

ನಾಲ್ಕು ಬೈಗುಳ ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಅಪ್ಪ ದಿನಾ ಫೋನ್ ಮಾಡುತ್ತಾನೆ. "ಸಾಕಿನ್ನ, ಕೂಸಿನ್ನ ಕರಕೊಂಡು ಊರಿಗೆ ಬಾ." ಹೋಗಬೇಕೆಂದು ಮನಸ್ಸು ಹರಿಯುತ್ತದೆ. ಒಣ ನೆಲ, ದೂರದವರೆಗೂ ಕಾಣುವ ಆಕಾಶ, ಬೆನ್ನ ಹಿಂದೆ ಗುಡ್ಡವಿಲ್ಲದ ಮನೆ. ಇಲ್ಲಿ ಆಷಾಢ ಇನ್ನೂ ಅರ್ಧ ಬಾಕಿ ಇದೆ. ಹಬ್ಬುವಾಡದ ಓಣಿಯಲ್ಲಿ ಇನ್ನೂ ಎರಡು ಮನೆಗಳ ಮೇಲೆ ಧರೆ ತೂಗುತ್ತಿದೆಯಂತೆ. ಆ ಸುದ್ದಿ ಬಂದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ನಿನ್ನೆ ಅಪ್ಪನ ಮಾತು ಮಾದೇವಿ ಅಕ್ಕನ ಕಿವಿಗೂ ಬಿತ್ತು. ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ನನ್ನ ಕಡೆ ನೋಡದೆ ಹೇಳಿದಳು:

"ಹೋಗೂದಿದ್ರೆ ಹೋಗು ತಮಾ. ನನ್ನ ಗೋಡೆ ಎದ್ದ ಮೇಲೆ ಹೋಗು."

ನನ್ನ ಮನೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಈಗ ಹೇಳಲಾರೆ. ನಾನು ಕೆಡವಿದ ಮನೆ ಎಲ್ಲಿದೆ ಎಂಬುದು ಗೊತ್ತು. ಅದು ಏಳುವ ತನಕ ಇಲ್ಲಿದ್ದೇನೆ.